ಕಾಣದ್ದು ಇಲ್ಲ ಅಂತಲ್ಲ: ಡಾ. ಮೇಘನಾದ ಸಾಹಾ



ನಮ್ಮ ಜತ್ತ ತಾಲೂಕಿನಾಗ ಮಳಿ ಕಡಿಮಿ, ಆದರ ಆಕಾಶ ನಿಚ್ಚಳ. ಅಮಾಸಿ ರಾತ್ರಿ ಕರೆಂಟು ಹೋದಾಗ ಮಾಳಿಗಿ ಹತ್ತಿ ನೋಡ್ರಿ. ಬರಿಗಣ್ಣಿಗೆ ಎರಡು-ಮೂರು ಸಾವಿರ ಚುಕ್ಕಿ ಕಾಣತಾವ. ಇರೋದು ಅಷ್ಟೇ ಏನು? ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ವಯಸ್ಸು. ಅಷ್ಟು ಕಾಲದಲ್ಲೂ ಯಾವುದರ ಬೆಳಕು ನಮಗೆ ಮುಟ್ಟಿಲ್ಲವೋ ಅದು ಎಂಥ ದೊಡ್ಡ ದುರ್ಬೀನಿಗೂ ಕಾಣದು. ಇನ್ನು ಮುಟ್ಟಿದ ಬೆಳಕಿನಲ್ಲೂ ಎಲ್ಲವೂ ಕಾಣುವುದಿಲ್ಲ. ಅದು ಯಾಕೆ ಅನ್ನೋ ಗುಟ್ಟು ಬಿಡಿಸಿದವರು ಡಾ. ಮೇಘನಾದ ಸಾಹಾ.

ಸಾಹಾ ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಢಾಕಾ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆಯದು ಸಣ್ಣ ಕಿರಾಣಿ ಅಂಗಡಿ. ಊರಲ್ಲಿ ಮುಂದಿನ ಶಾಲೆ ಇರಲಿಲ್ಲ. ಬೇರೆ ಊರಿನ ಡಾಕ್ಟರೊಬ್ಬರ ಮನೆಯಲ್ಲಿದ್ದು, ತನ್ನ ತಾಟು ತಾನೇ ತೊಳೆದು, ಆಕಳ ಚಾಕರಿ ಮಾಡಿ ಕಲಿತರು. ಢಾಕಾದಲ್ಲಿ ಓದುವಾಗ ಬ್ರಿಟಿಷ್ ಗವರ್ನರನ ಭೇಟಿಯನ್ನು ಬಹಿಷ್ಕರಿಸಿ ಶಿಷ್ಯವೇತನ ಕಳಕೊಂಡರು. ಕಲ್ಕತ್ತಾದ ಹಾಸ್ಟೆಲಿನಲ್ಲಿ ಮೇಲ್ಜಾತಿಯ ಹುಡುಗರು ಅವರನ್ನು ಊಟದ ಪಂಕ್ತಿಗೆ ಸೇರಿಸಲಿಲ್ಲ, ಸರಸ್ವತಿ ಪೂಜೆಯಿಂದಲೂ ದೂರ ಇಟ್ಟರು. ಆ ಹುಡುಗನೇ ಮುಂದೆ ಸೂರ್ಯನನ್ನು ಓದಿದ.

ಸೂರ್ಯನನ್ನು ಓದೋದು ಹ್ಯಾಂಗ? ಬೆಳಕನ್ನು ಬಣ್ಣ ಬಣ್ಣವಾಗಿ ಒಡೆದರೆ ನಡುವೆ ಗೆರೆಗಳು ಕಾಣತಾವ. ಒಂದೊಂದು ಮೂಲವಸ್ತುವಿಗೆ ಅದರದೇ ಗೆರೆ. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣದಲ್ಲಿ ಇಂಥ ಗೆರೆಗಳನ್ನು ನಮ್ಮ ಬಾಜೂದ ಜಮಖಂಡಿಯಿಂದಲೂ ನೋಡಿದ್ದರು. ಆದರೆ ಭೂಮಿ ಮೇಲಿರುವ ರುಬಿಡಿಯಂ, ಸೀಸಿಯಂ ಗೆರೆಗಳು ಸೂರ್ಯನ ಬೆಳಕಿನಲ್ಲಿ ಸಿಕ್ಕಿರಲಿಲ್ಲ. ಹಾಗಾದರೆ ಅವು ಅಲ್ಲಿ ಇಲ್ಲವೇ ಇಲ್ಲವೇ?

1920ರಲ್ಲಿ, ಮೂವತ್ತು ತುಂಬುವ ಮೊದಲೇ, ಸಾಹಾ ಲೆಕ್ಕ ಹಾಕಿ ತೋರಿಸಿದರು. ಸೂರ್ಯನ ಕಾವಿಗೆ ಆ ಪರಮಾಣುಗಳು ಒಂದೊಂದು ಎಲೆಕ್ಟ್ರಾನ್ ಕಳಕೊಳ್ಳುತ್ತವೆ. ಆಗ ಅವುಗಳ ಗುರುತಿನ ಗೆರೆಯೂ ಮರೆಯಾಗುತ್ತದೆ. ಕಾವು ಕಡಿಮೆ ಇರುವ ಸೂರ್ಯನ ಕಪ್ಪು ಕಲೆಗಳಲ್ಲಿ ಹುಡುಕಿದರೆ ಸಿಕ್ಕಾವು ಅಂದರು. ಅಮೆರಿಕದ ಹೆನ್ರಿ ನಾರಿಸ್ ರಸೆಲ್ ಹುಡುಕಿದರು. ರುಬಿಡಿಯಂ ಸಿಕ್ಕಿತು!

1927ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1952ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು. ಬಾಬಾಸಾಹೇಬರು ಕಾರ್ಮಿಕ ಖಾತೆ ನೋಡುತ್ತಿದ್ದಾಗ ಮುಂದೊಯ್ದ ದಾಮೋದರ ನದಿ ಯೋಜನೆಗೆ ಸಾಹಾ ಕೂಡ ದುಡಿದವರು. 1956ರ ಫೆಬ್ರುವರಿ 16ರಂದು ಸಾಹಾ ತೀರಿಕೊಂಡರು. ಅದೇ ವರ್ಷ ಡಿಸೆಂಬರ್ 6ರಂದು ಬಾಬಾಸಾಹೇಬರ ಪರಿನಿರ್ವಾಣ.

ತಮ್ಮಂದಿರೇ, ತಂಗಿಯರೇ, ಕಬ್ಬು ಕಡಿಯಾಕ ಮಂದಿ ಊರು ಬಿಡುವಾಗ ಎಷ್ಟು ಮಕ್ಕಳ ದಫ್ತರ ಮೂಲಿಗಿ ಬೀಳತಾವ, ನಿಮಗೇ ಗೊತ್ತು. ಆ ಮಕ್ಕಳು ವರ್ಗದಾಗ ಕಾಣೋದಿಲ್ಲ. ಕಾಣೋದಿಲ್ಲ ಅಂದಮಾತ್ರಕ್ಕೆ ಅವರಲ್ಲಿ ಬುದ್ಧಿ ಇಲ್ಲ ಅಂತಲ್ಲ. ಅವರನ್ನು ಹುಡುಕಿ ಶಾಲೆಗೆ ಕರಕೊಂಡು ಬರೋದು ನಮ್ಮ ಕೆಲಸ.

ಜೈ ಭೀಮ್.