ಅನ್ನಾ ಮಣಿ

ಅನ್ನಾ ಮಣಿ (23 ಆಗಸ್ಟ್ 1918 – 16 ಆಗಸ್ಟ್ 2001) ಭಾರತದ ಭೌತವಿಜ್ಞಾನಿ ಹಾಗೂ ಹವಾಮಾನ ವಿಜ್ಞಾನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಜ್ರದ ರೋಹಿತವನ್ನು ಅಭ್ಯಸಿಸಿದರು. ದೇಶದಲ್ಲಿ ಸೌರ ವಿಕಿರಣದ ಮಾಪನಕ್ಕೆ ಬುನಾದಿ ಹಾಕಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಇವರು ಅಂದಿನ ತಿರುವಾಂಕೂರು ಸಂಸ್ಥಾನದ ಪೀರಮೇಡಿನಲ್ಲಿ ಜನಿಸಿದರು. ತಂದೆ ಸಿವಿಲ್ ಎಂಜಿನಿಯರ್. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಬಯಸಿದ ವಜ್ರದ ಓಲೆಗಳನ್ನು ನಿರಾಕರಿಸಿ, ಬ್ರಿಟಾನಿಕಾ ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದರು. ಗಾಂಧೀಜಿಯವರ ಪ್ರಭಾವದಿಂದ ಖಾದಿ ಧರಿಸತೊಡಗಿದರು. ಮದರಾಸಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿ ಪಡೆದು, 1940ರಲ್ಲಿ ವಿದ್ಯಾರ್ಥಿವೇತನದೊಡನೆ ಬೆಂಗಳೂರಿಗೆ ಬಂದರು.

ವಜ್ರದ ಸಂಶೋಧನೆ

ಸ್ಫಟಿಕದೊಳಗಿನ ಎಲೆಕ್ಟ್ರಾನುಗಳು ಕ್ವಾಂಟಮ್ ನಿಯಮಕ್ಕೆ ಅನುಗುಣವಾಗಿ ನಿರ್ದಿಷ್ಟ ಶಕ್ತಿಮಟ್ಟಗಳಲ್ಲಿ ಮಾತ್ರ ನೆಲೆಸುತ್ತವೆ. ಮೇಲಿನ ಮಟ್ಟದಿಂದ ಕೆಳಗಿಳಿಯುವಾಗ ಅವು ಬೆಳಕನ್ನು ಹೊಮ್ಮಿಸುತ್ತವೆ. ಆ ಬೆಳಕಿನ ರೋಹಿತದಲ್ಲಿ ಪರಮಾಣುಗಳ ಕಂಪನದ ಗುರುತೂ ಮೂಡುತ್ತದೆ. ಅನ್ನಾ ಮಣಿಯವರು ಮೂವತ್ತಕ್ಕೂ ಹೆಚ್ಚು ವಜ್ರಗಳಲ್ಲಿ ಇದನ್ನು ಪರೀಕ್ಷಿಸಿದರು. ಹರಳನ್ನು ದ್ರವವಾಯುವಿನ ಶೈತ್ಯದಲ್ಲಿರಿಸಿ, ಅದರ ಮಸುಕಾದ ಬೆಳಕನ್ನು 15ರಿಂದ 20 ಗಂಟೆಗಳ ಕಾಲ ಛಾಯಾಫಲಕದ ಮೇಲೆ ಹಿಡಿಯಬೇಕಾಗುತ್ತಿತ್ತು; ಇದಕ್ಕಾಗಿ ಅನೇಕ ರಾತ್ರಿಗಳನ್ನು ಪ್ರಯೋಗಾಲಯದಲ್ಲೇ ಕಳೆದರು. ನೀಲಿಯಾಗಿ ಬೆಳಗುವ ವಜ್ರಗಳಲ್ಲಿ 4152 ಆಂಗ್‌ಸ್ಟ್ರಾಂ, ಹಸಿರಾಗಿ ಬೆಳಗುವವುಗಳಲ್ಲಿ 5032 ಆಂಗ್‌ಸ್ಟ್ರಾಂ ತರಂಗಾಂತರದ ರೇಖೆಗಳನ್ನು ವಿವರವಾಗಿ ದಾಖಲಿಸಿದರು. ಈ ರೇಖೆಗಳಿಗೆ ಹರಳಿನಲ್ಲಿ ಸೇರಿದ ಸಾರಜನಕವೇ ಕಾರಣವೆಂಬುದು ಮುಂದೆ ತಿಳಿದುಬಂದಿತು. ಸಾರಜನಕವುಳ್ಳ ಇಂತಹ ಮತ್ತೊಂದು ಬಗೆಯ ದೋಷಕೇಂದ್ರವು ಇಂದು ಕ್ವಾಂಟಮ್ ಸಂವೇದಕಗಳಲ್ಲಿ ಬಳಕೆಯಲ್ಲಿದೆ.

ಪದವಿಯ ನಿರಾಕರಣೆ

1942ರಿಂದ 1945ರ ಅವಧಿಯಲ್ಲಿ ಇವರೊಬ್ಬರ ಹೆಸರಿನಲ್ಲೇ ಐದು ಪ್ರಬಂಧಗಳು ಪ್ರಕಟವಾದವು. 1945ರ ಆಗಸ್ಟ್‌ನಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಮಹಾಪ್ರಬಂಧವನ್ನು ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ ವಿಶ್ವವಿದ್ಯಾಲಯವು ಪದವಿಯನ್ನು ನೀಡಲಿಲ್ಲ. ಆ ಮಹಾಪ್ರಬಂಧವು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದುಕೊಂಡಿದೆ.

ಹವಾಮಾನ ವಿಜ್ಞಾನ

ಅದೇ ವರ್ಷ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ತೆರಳಿ ಹವಾಮಾನ ಉಪಕರಣಗಳಲ್ಲಿ ಪರಿಣತಿ ಪಡೆದರು. 1948ರಲ್ಲಿ ಸ್ವದೇಶಕ್ಕೆ ಮರಳಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿದರು. ಆಗ ಹೊರದೇಶಗಳಿಂದ ತರಿಸಬೇಕಾಗಿದ್ದ ಉಪಕರಣಗಳು ಇಲ್ಲಿಯೇ ತಯಾರಾಗಲೆಂದು ಸುಮಾರು ನೂರು ಉಪಕರಣಗಳ ವಿನ್ಯಾಸಗಳನ್ನು ಪ್ರಮಾಣೀಕರಿಸಿದರು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೌರ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. ವಾಯುಮಂಡಲದ ಓಝೋನ್ ಅಳೆಯುವ ಸಾಧನವನ್ನೂ ಅಭಿವೃದ್ಧಿಪಡಿಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು.

ಕೊನೆಯ ವರ್ಷಗಳು

ನಿವೃತ್ತಿಯ ಬಳಿಕ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಬೆಂಗಳೂರಿನಲ್ಲಿ ಗಾಳಿಯ ವೇಗ ಮತ್ತು ಸೌರಶಕ್ತಿಯನ್ನು ಅಳೆಯುವ ಉಪಕರಣಗಳ ಕಾರ್ಯಾಗಾರವನ್ನು ನಡೆಸಿದರು. 1987ರಲ್ಲಿ ಕೆ. ಆರ್. ರಾಮನಾಥನ್ ಪದಕ ಲಭಿಸಿತು. ಅವಿವಾಹಿತರಾಗಿಯೇ ಉಳಿದ ಇವರು 2001ರಲ್ಲಿ ತಿರುವನಂತಪುರದಲ್ಲಿ ನಿಧನರಾದರು. ಪಿಎಚ್.ಡಿ. ಪದವಿಯು ಇವರಿಗೆ ಕೊನೆಗೂ ದೊರೆಯಲಿಲ್ಲ.