ಮಕ್ಕಳ ನೋಟವನ್ನು ಗಮನಿಸಿದ ವೈದ್ಯ ಲಿಯೋ ಕ್ಯಾನರ್

ನಿಮ್ಮ ಮಗು ಆಟದ ಕಾರನ್ನು ಓಡಿಸುವ ಬದಲು ಅದರ ಚಕ್ರವನ್ನೇ ತಿರುಗಿಸಿ ನೋಡುತ್ತಾ ಕೂರುತ್ತದೆಯೇ? ಮನೆಯ ಸಾಮಾನು ಜಾಗ ಬದಲಾದರೆ ಮೊದಲು ಅದಕ್ಕೇ ಗೊತ್ತಾಗುತ್ತದೆಯೇ? ಆಟಿಸಂ, ಅಂದರೆ ಸ್ವಲೀನತೆ ಇರುವ ಹಲವು ಮಕ್ಕಳ ಇಂಥ ನೋಟವನ್ನು ವಿವರವಾಗಿ ಬರೆದಿಟ್ಟ ವೈದ್ಯರಲ್ಲಿ ಡಾ. ಲಿಯೋ ಕ್ಯಾನರ್ ಪ್ರಮುಖರು.

ಇಂದಿನ ಉಕ್ರೇನಿನ ಹಳ್ಳಿಯೊಂದರಲ್ಲಿ 1894ರಲ್ಲಿ ಹುಟ್ಟಿದ ಕ್ಯಾನರ್, ಬರ್ಲಿನ್‌ನಲ್ಲಿ ವೈದ್ಯಕೀಯ ಓದಿ 1924ರಲ್ಲಿ ಅಮೆರಿಕಕ್ಕೆ ಹೋದರು. 1930ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಆರಂಭಿಸಿದರು. 1938ರಲ್ಲಿ ಐದು ವರ್ಷದ ಹುಡುಗನೊಬ್ಬ ಅಲ್ಲಿಗೆ ಬಂದ. ಅವನಿಗಿಂತ ಮೊದಲೇ, ಅವನ ತಂದೆ ಟೈಪ್ ಮಾಡಿಸಿದ 33 ಪುಟಗಳ ವಿವರ ಬಂದಿತ್ತು.

1943ರಲ್ಲಿ ಕ್ಯಾನರ್ 11 ಮಕ್ಕಳ ಬಗ್ಗೆ ಲೇಖನ ಪ್ರಕಟಿಸಿದರು. ಅಡ್ಡಾದಿಡ್ಡಿ ಬಿದ್ದ ಬಣ್ಣದ ದಿಮ್ಮಿಗಳನ್ನು ಈ ಮಕ್ಕಳು ಹಲವು ದಿನಗಳ ನಂತರವೂ ಹಾಗೇ, ಅದೇ ಬಣ್ಣ ಮೇಲೆ ಬರುವಂತೆ ಜೋಡಿಸುತ್ತಿದ್ದರು. ಒಂದು ಸಣ್ಣ ಭಾಗ ಬದಲಾದರೂ ಅವರಿಗೆ ಇಡೀ ವಸ್ತುವೇ ಬೇರೆಯಾಗಿಬಿಡುತ್ತದೆ ಎಂಬುದನ್ನು ಅವರು ಗುರುತಿಸಿದರು.

ಇಷ್ಟು ಕಂಡವರು ತಂದೆತಾಯಿಯ ವಿಷಯದಲ್ಲಿ ಎಡವಿದರು. ಪೋಷಕರ ಭಾವನೆಯಿಲ್ಲದ ನಡವಳಿಕೆಯನ್ನು ಎತ್ತಿ ಬರೆದರು. ಎಷ್ಟೋ ತಾಯಂದಿರು ಆ ಕಳಂಕ ಹೊತ್ತರು. ಆ ವಿವರಗಳಲ್ಲಿ ಬಹುಪಾಲು ಪೋಷಕರೇ ಗಮನಿಸಿ ಹೇಳಿದ್ದು ಎಂಬುದು ನನಗೆ ಇಂದಿಗೂ ನೋವಿನ ವಿಷಯ. 1969ರಲ್ಲಿ ಪೋಷಕರ ಸಭೆಯಲ್ಲಿ ಅವರು ನಿರ್ದೋಷಿಗಳೆಂದು ಕ್ಯಾನರ್ ಬಹಿರಂಗವಾಗಿ ಹೇಳಿದರು. 1981ರಲ್ಲಿ ತೀರಿಕೊಂಡರು.

ಅವರು ಗಮನಿಸಿದ್ದನ್ನು ಮುಂದೆ ಪರೀಕ್ಷೆಗೂ ಒಡ್ಡಲಾಯಿತು. ಚಿತ್ರದೊಳಗೆ ಅಡಗಿದ ಆಕಾರ ಹುಡುಕುವುದರಲ್ಲಿ ಆಟಿಸಂ ಇರುವ ಮಕ್ಕಳು ಮುಂದಿದ್ದಾರೆಂದು ಅಮಿತಾ ಶಾ ಮತ್ತು ಊಟಾ ಫ್ರಿತ್ 1983ರಲ್ಲಿ ತೋರಿಸಿದರು. ನಂತರದ ಎಲ್ಲ ಅಧ್ಯಯನಗಳಲ್ಲೂ ಹಾಗೆ ಬಂದಿಲ್ಲ. ಆದ್ದರಿಂದ ಇಂಥ ಒಗಟು ಬಿಡಿಸಿದ್ದನ್ನು ನೋಡಿ ಆಟಿಸಂ ಇದೆ, ಇಲ್ಲ ಎಂದು ನೀವೇ ತೀರ್ಮಾನಿಸಬೇಡಿ.

ಫಾರ್ಮಸಿಸ್ಟ್ ಆಗಿ ಒಂದು ಮಾತು. ಹೀಗೆ ನೋಡುವುದು ಕಾಯಿಲೆಯಲ್ಲ, ಅದಕ್ಕೆ ಮಾತ್ರೆಯೂ ಇಲ್ಲ. ಆದರೆ ಮಗು ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಕಂಪನಿ ಬದಲಾಗಿ ಮಾತ್ರೆಯ ಬಣ್ಣ ಬೇರೆಯಾದರೆ ಅದು ಉಗುಳಿಬಿಡಬಹುದು. ಹಠವೆಂದು ಗದರಬೇಡಿ. ಮಾತ್ರೆ ತಪ್ಪಿದರೆ ಫಿಟ್ಸ್ ಮರುಕಳಿಸಬಹುದು. ಅದೇ ಕಂಪನಿಯದನ್ನೇ ಕೇಳಿ ಪಡೆಯಿರಿ. ಸಿಗದಿದ್ದರೆ ವೈದ್ಯರಿಗೆ ತಿಳಿಸಿ.

ಪುಣೆಯಲ್ಲಿರುವ ಕನ್ನಡದ ಮನೆಯವರು ವೈದ್ಯರ ಮುಂದೆ ಹಿಂದಿ, ಮರಾಠಿಯಲ್ಲಿ ತಡವರಿಸಿ ಅರ್ಧ ಮಾತ್ರ ಹೇಳಿ ಬರುವುದುಂಟು. ಮಗು ಏನನ್ನು, ಎಷ್ಟು ಹೊತ್ತು, ಹೇಗೆ ನೋಡುತ್ತದೆ ಎಂದು ಮೊದಲೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಹತ್ತಿರ ಹಿಡಿದು ನೋಡಲು ದೃಷ್ಟಿದೋಷವೂ ಕಾರಣವಾಗಿರಬಹುದು.