ಡೊನಾಲ್ಡ್ ಹೆಬ್

ನಾವು ಕಣ್ಣಿನಿಂದ ನೋಡುತ್ತೇವೆಂದು ಹೇಳುವುದು ರೂಢಿ. ಆದರೆ ಕಣ್ಣು ತಂದ ಸುದ್ದಿಯನ್ನು ಅರಿಯುವುದು ಮಿದುಳು. ಈ ಶಕ್ತಿ ಹುಟ್ಟಿನಿಂದ ಬಂದುದೋ, ನೋಡಿ ನೋಡಿ ಬಂದುದೋ? ಈ ಪ್ರಶ್ನೆಗೆ ಉತ್ತರವನ್ನು ಅರಸಿದವರಲ್ಲಿ ಕೆನಡಾ ದೇಶದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಪ್ರಮುಖರು.

ಹೆಬ್ ಅವರು 1904ರ ಜುಲೈ 22ರಂದು ನೋವಾ ಸ್ಕೋಷಿಯಾ ಪ್ರಾಂತದ ಚೆಸ್ಟರ್ ಎಂಬ ಊರಿನಲ್ಲಿ ಜನಿಸಿದರು. ತಂದೆತಾಯಿಗಳಿಬ್ಬರೂ ವೈದ್ಯರು. ಕಾದಂಬರಿಕಾರನಾಗಬೇಕೆಂಬ ತರುಣನ ಹಂಬಲ ಕೈಗೂಡಲಿಲ್ಲ, ಅವರು ಉಪಾಧ್ಯಾಯರಾದರು. ಮಾಂಟ್ರಿಯಲ್ ನಗರದಲ್ಲಿ ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದಾಗ ವಿಚಿತ್ರ ಕ್ರಮವೊಂದನ್ನು ಜಾರಿಗೆ ತಂದರು. ಪಾಠಕ್ಕೆ ಅಡ್ಡಿಮಾಡಿದವರಿಗೆ ಆಟಕ್ಕೆ ಹೋಗುವುದೇ ಶಿಕ್ಷೆ! ಈ ನಡುವೆ ಸೊಂಟದ ಕೀಲಿಗೆ ಕ್ಷಯರೋಗ ತಗುಲಿ ಹಾಸಿಗೆ ಹಿಡಿದರು. ಆದರೂ ಎದೆಗುಂದದೆ, ಮಲಗಿದಲ್ಲಿಯೇ ಸ್ನಾತಕೋತ್ತರ ಪ್ರಬಂಧವನ್ನು ಬರೆದು ಮುಗಿಸಿದರು.

1936ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಅದಕ್ಕಾಗಿ ಅವರು ಕತ್ತಲೆಯಲ್ಲಿ ಬೆಳೆಸಿದ ಇಲಿಗಳ ನೋಟವನ್ನು ಪರೀಕ್ಷಿಸಿದ್ದರು. ಬೆಳಕಿಗೆ ಬಂದ ಇಲಿಗಳು ಆಕಾರಗಳನ್ನು ಗುರುತಿಸಿದ್ದರಿಂದ, ನೋಟ ಹುಟ್ಟಿನಿಂದಲೇ ಬಂದುದೆಂದು ಆಗ ತೀರ್ಮಾನಿಸಿದರು. ಮುಂದೆ ಅದೇ ಫಲಿತಾಂಶಗಳನ್ನು ಮತ್ತೆ ಪರಿಶೀಲಿಸಿದಾಗ, ಆ ಇಲಿಗಳು ಕಲಿಯಲು ಬೇರೆ ಇಲಿಗಳಿಗಿಂತ ಬಹಳ ಹೆಚ್ಚು ಸಲ ಯತ್ನಿಸಿದ್ದುದು ಕಂಡಿತು. ತಮ್ಮ ಅಭಿಪ್ರಾಯವನ್ನು ತಾವೇ ತಿದ್ದಿಕೊಳ್ಳಲು ಹೆಬ್ ಹಿಂಜರಿಯಲಿಲ್ಲ.

1949ರಲ್ಲಿ ಅವರ ಪ್ರಸಿದ್ಧ ಗ್ರಂಥ 'ದಿ ಆರ್ಗನೈಸೇಷನ್ ಆಫ್ ಬಿಹೇವಿಯರ್' ಪ್ರಕಟವಾಯಿತು. ಒಂದು ನರಕೋಶ ಇನ್ನೊಂದನ್ನು ಮತ್ತೆ ಮತ್ತೆ ಪ್ರಚೋದಿಸಿದರೆ ಅವುಗಳ ನಡುವಣ ಕೊಂಡಿ ಬಲಗೊಳ್ಳುತ್ತದೆ ಎಂಬುದು ಅದರ ಒಂದು ಮುಖ್ಯ ವಿಚಾರ. ಜನ ನಡೆದಾಡಿದಂತೆಲ್ಲ ಹೊಲದ ಕಾಲುದಾರಿ ಸ್ಪಷ್ಟವಾಗುವುದಿಲ್ಲವೆ? ಹಾಗೆಯೇ ಇದು.

ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗದ ಅನೇಕ ಕೋಶಗಳು ಒಂದೊಂದು ಓರೆಯ ಗೆರೆಗೆ ಸ್ಪಂದಿಸುತ್ತವೆಂದು ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1959ರಲ್ಲಿ ತೋರಿಸಿದರು. 1973ರಲ್ಲಿ ಜರ್ಮನಿಯ ವಾನ್ ಡರ್ ಮಾಲ್ಸ್‌ಬುರ್ಗ್ ಗಣಕಯಂತ್ರದಲ್ಲಿ ಕೃತಕ ನರಕೋಶಗಳ ಜಾಲವೊಂದನ್ನು ರಚಿಸಿದರು. ಮೊದಲು ಅದರ ಕೊಂಡಿಗಳ ಬಲದಲ್ಲಿ ಯಾವ ಕ್ರಮವೂ ಇರಲಿಲ್ಲ. ಹೆಬ್ ಅವರ ನಿಯಮವನ್ನು ಅಳವಡಿಸಿ, ಹಲವು ಓರೆಯ ಗೆರೆಗಳನ್ನು ಮತ್ತೆ ಮತ್ತೆ ಒಡ್ಡಿದರು. ಒಂದು ಕೊಂಡಿ ಬಲಿತರೆ ಉಳಿದವು ಸೊರಗುವ ಏರ್ಪಾಡೂ ಇದ್ದಿತು. ಕ್ರಮೇಣ ಕೋಶಗಳು ತಮ್ಮ ತಮ್ಮ ಗೆರೆಗಳನ್ನು ಆಯ್ದುಕೊಂಡವು. ನೆರೆಹೊರೆಯ ಕೋಶಗಳು ಒಂದನ್ನೊಂದು ಹೋಲುವ ಗೆರೆಗಳಿಗೆ ಒಲಿದವು. ಯಾರ ಆಜ್ಞೆಯೂ ಇಲ್ಲದೆ ವ್ಯವಸ್ಥೆ ತಾನಾಗಿ ಮೂಡಿತು.

ಹೆಬ್ ಅವರು 1985ರ ಆಗಸ್ಟ್ 20ರಂದು ನಿಧನರಾದರು. ನೋಡುವುದರಿಂದಲೇ ಮಿದುಳು ನೋಡಲು ಅಣಿಯಾಗುತ್ತದೆ ಎಂಬ ತಿಳಿವಳಿಕೆ ಇಂದು ಬದುಕುಗಳನ್ನು ಬೆಳಗುತ್ತಿದೆ. ದಟ್ಟವಾದ ಕಣ್ಣಿನ ಪೊರೆಯೊಡನೆ ಹುಟ್ಟಿದ ಶಿಶುಗಳಿಗೆ ವೈದ್ಯರು ತಡಮಾಡದೆ ಶಸ್ತ್ರಚಿಕಿತ್ಸೆ ನಡೆಸುತ್ತಾರೆ. ಕಲಿಯುವ ಕಾಲ ಮೀರಿದರೆ, ಕಣ್ಣು ತಿಳಿಯಾದರೂ ನೋಟ ಪೂರ್ಣವಾಗಿ ಒಲಿಯದು.